ಬಂಡಿ ಬಲಕ್ಕೆ ಎಳೆಯುತ್ತಿದ್ದುದೇಕೆ: ಕೋಡಿಗೂ ತಂತಿಗೂ ನಡುವೆ ದೋಷ ಹುಡುಕಿದ ದಾಖಲೆ

ದೂರು ಎರಡೇ ಸಾಲಿನದು. ಸ್ವಯಂಚಾಲಿತ ಓಟದಲ್ಲಿ ರೋಬಾಟ್ ಬಂಡಿ ಬಲಕ್ಕೆ ಎಳೆಯುತ್ತದೆ. ಜೋರಾಗಿ ತಿರುಗುವಾಗ ಕೆಲವೊಮ್ಮೆ ಗಕ್ಕನೆ ನಿಂತು, ಯಾರೂ ಮುಟ್ಟದಿದ್ದರೂ ತಾನಾಗಿಯೇ ಮತ್ತೆ ಹೊರಡುತ್ತದೆ. ತಂಡದ ದೂರು ಪುಸ್ತಕದಲ್ಲಿ ಅದರ ಕೆಳಗೆ ಎರಡು ಬೇರೆ ಬೇರೆ ಕೈಬರಹದಲ್ಲಿ ಎರಡು ಷರಾಗಳಿದ್ದವು. ‘ಕೋಡ್ ಸರಿಯಾಗಿದೆ, ಸಿಮ್ಯುಲೇಶನ್‌ನಲ್ಲಿ ನೇರವಾಗಿ ಹೋಗುತ್ತದೆ.’ ‘ವೈರಿಂಗ್ ಸರಿಯಾಗಿದೆ, ಬ್ಯಾಟರಿಯಿಂದ ನೇರವಾಗಿ ಕೊಟ್ಟರೆ ನಾಲ್ಕು ಮೋಟರ್‌ಗಳೂ ಒಂದೇ ಸಮ ತಿರುಗುತ್ತವೆ.’

ಎರಡು ಷರಾಗಳೂ ನಿಜವಾಗಿದ್ದವು. ಆದರೆ ಕಂಪ್ಯೂಟರಿನೊಳಗಷ್ಟೇ ಬಂಡಿ ಓಡಿಸುವ ಸಿಮ್ಯುಲೇಶನ್‌ನಲ್ಲಿ ತಂತಿಯೇ ಇಲ್ಲ. ಬ್ಯಾಟರಿಗೆ ನೇರ ಜೋಡಿಸಿದಾಗ ಕೋಡೇ ಇಲ್ಲ. ಇಬ್ಬರೂ ತಮ್ಮ ತಮ್ಮ ಹಿತ್ತಲನ್ನು ಚೊಕ್ಕಟವಾಗಿ ಪರೀಕ್ಷಿಸಿದ್ದರು. ನಡುವಿನ ಬೇಲಿಯ ಬಳಿ ಮೀಟರ್ ಹಿಡಿದವರು ಯಾರೂ ಇರಲಿಲ್ಲ.

ಉಡುಪಿ–ಮಂಗಳೂರು ಹೆದ್ದಾರಿಯ ಬದಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ರೋಬಾಟ್ ತಂಡ ಇದು. ನಾನೂ ಹಿಂದೆ ಇದೇ ತಂಡದಲ್ಲಿದ್ದವಳು. ಈಗ ಕೈಗಾರಿಕಾ ನಿಯಂತ್ರಣ ಉಪಕರಣಗಳ ದುರಸ್ತಿ ನನ್ನ ಉದ್ಯೋಗ. ಸಂಜೆ ಬಿಡುವಾದಾಗ ಇವರ ಬಳಿಗೆ ಹೋಗುತ್ತೇನೆ. ಪ್ರೋಗ್ರಾಮಿಂಗ್ ಗುಂಪು ಮೂರನೆಯ ಮಹಡಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಕೂರುತ್ತದೆ, ಹಾರ್ಡ್‌ವೇರ್ ಗುಂಪು ಕೆಳಗೆ ವರ್ಕ್‌ಶಾಪಿನಲ್ಲಿ. ನಡುವೆ ಇರುವುದು ಮೆಟ್ಟಿಲು ಮತ್ತು ಒಂದು ವಾಟ್ಸ್‌ಆ್ಯಪ್ ಗುಂಪು. ನನ್ನ ಮೊದಲ ಬೇಡಿಕೆ ತಾಂತ್ರಿಕವಾದುದಲ್ಲ: ದೋಷ ಸಿಗುವವರೆಗೆ ಎರಡೂ ಗುಂಪಿನಿಂದ ತಲಾ ಒಬ್ಬರು ಬಂಡಿಯ ಪಕ್ಕದಲ್ಲೇ ಕೂರಬೇಕು, ಇನ್ನೊಬ್ಬರಿಗೆ ಹೇಳದೆ ಯಾರೂ ಏನನ್ನೂ ಬದಲಿಸಬಾರದು. ಪ್ರೋಗ್ರಾಮಿಂಗ್‌ನಿಂದ ಕಾಪುವಿನ ಹುಡುಗಿ ಬಂದಳು, ಹಾರ್ಡ್‌ವೇರ್‌ನಿಂದ ಬಂಟ್ವಾಳದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗ.

ಬಂಡಿಯ ಪರಿಚಯ

ಬೈಕಂಪಾಡಿಯಲ್ಲಿ ಕತ್ತರಿಸಿ ತಂದ ಅಲ್ಯೂಮಿನಿಯಂ ತಗಡಿನ ಚೌಕಟ್ಟು. ನಾಲ್ಕು ಮೆಕಾನಮ್ ಚಕ್ರಗಳು (ಅಂಚಿನ ಸುತ್ತ ಓರೆಯಾಗಿ ಕೂತ ಉರುಳೆಗಳಿರುವ ಚಕ್ರಗಳು), 14.8 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ, ಮೇಲೆ ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್. ಪ್ರತಿ ಚಕ್ರಕ್ಕೆ ಒಂದು ಮೋಟರ್, ಅದರ ಬೆನ್ನಿಗೆ ಸುತ್ತು ಎಣಿಸುವ ಹಾಲ್ ಎನ್‌ಕೋಡರ್, ಪಕ್ಕದಲ್ಲಿ ಎಸ್‌ಟಿಎಂ32 ಚಿಪ್ ಇರುವ ಚಾಲಕ ಬೋರ್ಡ್. ಪೈ ಪ್ರತಿ ಚಕ್ರಕ್ಕೂ ‘ಇಷ್ಟು ವೇಗದಲ್ಲಿ ತಿರುಗು’ ಎಂದು ಕ್ಯಾನ್ ಬಸ್ಸಿನಲ್ಲಿ ಆಜ್ಞೆ ಕಳುಹಿಸುತ್ತದೆ. ಬೋರ್ಡ್ ಎನ್‌ಕೋಡರ್ ಎಣಿಸಿ, ಆ ವೇಗವನ್ನು ಹಿಡಿದು, ‘ಇಷ್ಟು ತಿರುಗಿದೆ’ ಎಂದು ಮರಳಿ ಹೇಳುತ್ತದೆ. ಕ್ಯಾನ್ ಎಂಬುದು ವಾಹನಗಳಿಗಾಗಿ ಬಾಷ್ ಕಂಪನಿ 1980ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ. ಬಸ್ ಎಂದು ಕರೆಯುವ ಎರಡೇ ತಂತಿಗಳ ಮೇಲೆ ಎಲ್ಲ ಬೋರ್ಡ್‌ಗಳೂ ಸರದಿಯಂತೆ ಮಾತನಾಡುತ್ತವೆ. ಚಕ್ರಗಳಿಗೆ ನಾವು ಇಟ್ಟ ಸಂಖ್ಯೆ: ಎಡ ಮುಂದೆ 1, ಬಲ ಮುಂದೆ 2, ಎಡ ಹಿಂದೆ 3, ಬಲ ಹಿಂದೆ 4. ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕೋಡಿನಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗಿತ್ತು, ಬೋರ್ಡ್ ಮೇಲಿನ ಚೀಟಿಯಲ್ಲಿ ಒಂದರಿಂದ. ‘3ನೇ ಚಕ್ರ ತೊಂದರೆ ಕೊಡುತ್ತಿದೆ’ ಎಂದು ಮೇಲಿನವರು ಬರೆದರೆ ಕೆಳಗಿನವರು ಬೇರೆ ಚಕ್ರವನ್ನು ಬಿಚ್ಚುತ್ತಿದ್ದರು. ಮೊದಲು ಚೀಟಿ ಬದಲಾಯಿತು, ಕೋಡೂ ಬದಲಾಯಿತು.

ಬಂಡಿಯನ್ನು ಮರದ ತುಂಡುಗಳ ಮೇಲೆ ಏರಿಸಿ, ಚಕ್ರಗಳು ನೆಲ ಬಿಟ್ಟಿವೆ ಎಂದು ನೋಡಿಕೊಂಡು, ತುರ್ತು ನಿಲುಗಡೆಯ ಗುಂಡಿಯನ್ನು ಒಬ್ಬರ ಕೈಗೆ ಕೊಟ್ಟೆವು. ಪರೀಕ್ಷೆ ಎಷ್ಟೇ ಚಿಕ್ಕದಾದರೂ ಇದನ್ನು ಬಿಡುವಂತಿಲ್ಲ.

ಸುಲಭದವನ್ನು ಬೇಗ ದಾಟಿದೆವು. ಮೆಕಾನಮ್ ಚಕ್ರಗಳನ್ನು ಮೇಲಿನಿಂದ ನೋಡಿದರೆ ಉರುಳೆಗಳ ಓರೆ ಗುಣಾಕಾರದ ಗುರುತಿನಂತೆ ಕಾಣಬೇಕು, ಕಂಡಿತು. ಪೈಗೆ ಹೋಗುವ 5 ವೋಲ್ಟ್ ಕುಸಿಯುತ್ತಿದೆಯೇ? ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಪೈ ಅದನ್ನು ತಾನೇ ಗುರುತು ಹಾಕಿಕೊಳ್ಳುತ್ತದೆ. ಶುರುವಾದ ಮೇಲೆ ಒಮ್ಮೆ ಕುಸಿದಿದ್ದರೂ ಅದರ ಸ್ಥಿತಿಸೂಚಕದ 16ನೇ ಬಿಟ್ ನೆನಪಿಟ್ಟುಕೊಂಡಿರುತ್ತದೆ. ಬಂಡಿಯನ್ನು ಚೆನ್ನಾಗಿ ಓಡಿಸಿ, ಅದು ಒಮ್ಮೆ ನಿಂತು ಹೊರಟ ಮೇಲೆ ಆ ಬಿಟ್ ನೋಡಿದೆವು. ಸೊನ್ನೆ. ಹಾಗಾದರೆ ಪೈಯ ವಿದ್ಯುತ್ತಿನ ತಂಟೆಯಲ್ಲ.

ಗಕ್ಕನೆ ನಿಲ್ಲುವುದು

ಯಾವುದಾದರೂ ಬೋರ್ಡಿನಿಂದ 100 ಮಿಲಿಸೆಕೆಂಡ್ ಕಾಲ ಉತ್ತರ ಬಾರದಿದ್ದರೆ ಪೈ ನಾಲ್ಕು ಚಕ್ರಗಳನ್ನೂ ನಿಲ್ಲಿಸುತ್ತದೆ. ಬಂಡಿ ನಿಲ್ಲುತ್ತಿದ್ದುದು ಈ ನಿಯಮದಿಂದಲೇ ಎಂಬುದು ಪೈ ಬರೆದಿಡುವ ಲಾಗ್ ನೋಡಿದರೆ ಸ್ಪಷ್ಟವಿತ್ತು. ಅವಧಿಯನ್ನು 500ಕ್ಕೆ ಏರಿಸಿದರೆ ತೊಂದರೆ ಹೋಗುತ್ತದೆ ಎಂಬ ಸಲಹೆ ಮೂರನೆಯ ಮಹಡಿಯಿಂದ ಬಂತು. ನಾನು ಒಪ್ಪಲಿಲ್ಲ. ಸೆಕೆಂಡಿಗೆ 1.5 ಮೀಟರ್ ಓಡುವ ಬಂಡಿ 100 ಮಿಲಿಸೆಕೆಂಡಿನಲ್ಲಿ 15 ಸೆಂಟಿಮೀಟರ್ ಹೋಗುತ್ತದೆ, 500ರಲ್ಲಿ 75 ಸೆಂಟಿಮೀಟರ್. ಅಷ್ಟು ದೂರ ಚಕ್ರದ ಮೇಲೆ ಹಿಡಿತವಿಲ್ಲದೆ ಓಡುವ ಯಂತ್ರವನ್ನು ಮಕ್ಕಳು ನಿಂತು ನೋಡುವ ಕಣಕ್ಕೆ ಬಿಡಬಾರದು. ಆ ನಿಯಮ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಅದರ ಬಾಯಿ ಮುಚ್ಚಿಸಿದರೆ ದೋಷ ಉಳಿಯುತ್ತದೆ, ಸುಳಿವು ಹೋಗುತ್ತದೆ.

ಲಾಗಿನಲ್ಲಿ ಇದ್ದುದು ‘ಕ್ಯಾನ್ ಟೈಮ್‌ಔಟ್’ ಎಂಬ ಎರಡು ಪದ ಮಾತ್ರ. ಸ್ಪ್ಯಾನರ್ ಹಿಡಿದವನಿಗೆ ಇದರಿಂದ ಏನು ಪ್ರಯೋಜನ? ಕಾಪುವಿನ ಹುಡುಗಿ ಅಲ್ಲೇ ಕೂತು ಆ ಸಾಲನ್ನು ತಿದ್ದಿದಳು: ಯಾವ ಬೋರ್ಡ್, ಎಷ್ಟು ಹೊತ್ತು ಮೌನ, ಆಗ ಕೊಟ್ಟಿದ್ದ ಆಜ್ಞೆ ಯಾವುದು. ಮುಂದಿನ ಓಟದಲ್ಲಿ ನಿಂತಾಗಲೆಲ್ಲ ಬಂದ ಹೆಸರು ಒಂದೇ, 4ನೇ ಬೋರ್ಡ್. ಅದೂ ಬಲಕ್ಕೆ ಜೋರಾಗಿ ತಿರುಗುವಾಗಲೇ. ಹಾರ್ಡ್‌ವೇರಿನ ಹುಡುಗ ಪರದೆ ನೋಡಿ ಎದ್ದು ನಿಂತ. “ಇಷ್ಟು ಹೇಳಿದ್ದರೆ ಸಾಕಿತ್ತಲ್ಲ ಮಾರಾಯ್ತಿ, ಆ ಮೂಲೆಯಲ್ಲಿ ಕೇಬಲ್ ಚೌಕಟ್ಟಿನ ಅಂಚಿಗೆ ಬಾಗಿ ಹೋಗುತ್ತದೆ” ಎಂದ.

ಇನ್ನೊಂದು ಸುಳಿವು ಕೋಡಿನ ಕಡೆಯಿಂದಲೇ ಸಿಕ್ಕಿತು, ಅದು ನನಗೆ ಬಹಳ ಇಷ್ಟವಾಯಿತು. ಕ್ಯಾನ್ ವ್ಯವಸ್ಥೆಯಲ್ಲಿ ಪ್ರತಿ ಬೋರ್ಡೂ ತನ್ನ ತಪ್ಪುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಕಳುಹಿಸುವಾಗ ಎಡವಿದರೆ ಲೆಕ್ಕ 8 ಏರುತ್ತದೆ, 127 ದಾಟಿದರೆ ಬೋರ್ಡ್ ಹಿಂಜರಿದು ಮಾತನಾಡುತ್ತದೆ, 255 ದಾಟಿದರೆ ಬಸ್ಸಿನಿಂದಲೇ ಹೊರಬೀಳುತ್ತದೆ. ಹಾಗೆ ಹೊರಬಿದ್ದ ಬೋರ್ಡನ್ನು ಮರಳಿ ಸೇರಿಸುವ ಸಾಲು ಬೋರ್ಡಿನ ಚಿಪ್ಪಿನೊಳಗೆ ಓಡುವ ನಮ್ಮ ಕೋಡ್ ಆದ ಫರ್ಮ್‌ವೇರಿನಲ್ಲಿ ಇರಲೇ ಇಲ್ಲ. ಆದರೂ 4ನೇ ಬೋರ್ಡ್ ತಾನಾಗಿ ವಾಪಸಾಗುತ್ತಿತ್ತು. ಕಳುಹಿಸಿದ ಸಂದೇಶಕ್ಕೆ ‘ತಲುಪಿತು’ ಎಂದು ಹೇಳುವವರು ಯಾರೂ ಇಲ್ಲದಿದ್ದರೆ ಮಾತ್ರ ಹೀಗಾಗುತ್ತದೆ: ಲೆಕ್ಕ ಹಿಂಜರಿಕೆಯ ಹಂತಕ್ಕೆ ಬಂದು ಅಲ್ಲೇ ನಿಲ್ಲುತ್ತದೆ, ಬೋರ್ಡ್ ಹೊರಬೀಳುವುದಿಲ್ಲ. ಅಂದರೆ ಬಸ್ಸಿನ ಮೇಲೆ ಗದ್ದಲವಿದ್ದುದರಿಂದಲ್ಲ, ಬೋರ್ಡ್ ಒಂಟಿಯಾಗುತ್ತಿದ್ದುದರಿಂದ ಮಾತು ನಿಲ್ಲುತ್ತಿತ್ತು.

ಬ್ಯಾಟರಿ ತೆಗೆದು ಬಸ್ಸಿನ ಎರಡು ತಂತಿಗಳ ನಡುವೆ ಓಮ್ ಅಳೆದೆವು. ಸಾಲಿನ ಎರಡು ತುದಿಗಳಲ್ಲಿ ತಲಾ 120 ಓಮಿನ ರೆಸಿಸ್ಟರ್ ಇರುತ್ತದೆ, ಎರಡೂ ಸಮಾಂತರವಾಗಿರುವುದರಿಂದ ಮೀಟರ್ 60 ತೋರಿಸಬೇಕು. 40 ಬಂದರೆ ಎಲ್ಲೋ ಮೂರನೆಯದೊಂದು ಸೇರಿಕೊಂಡಿದೆ ಎಂದರ್ಥ. 120 ಬಂದರೆ ಒಂದು ತುದಿ ಕಡಿದಿದೆ. ಮೀಟರ್ 60 ತೋರಿಸಿತು. ಹುಡುಗ 4ನೇ ಬೋರ್ಡಿನ ಕೇಬಲನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಒತ್ತಿದ. 120. ಬಿಟ್ಟ. 60.

ಕನೆಕ್ಟರಿನಿಂದ ಪಿನ್ ಎಳೆದು ಭೂತಗನ್ನಡಿಯ ಕೆಳಗೆ ಇಟ್ಟೆವು. ತಂತಿಯನ್ನು ಒತ್ತಿ ಹಿಡಿಯಬೇಕಾದ ಕ್ರಿಂಪಿನ ಎರಡು ರೆಕ್ಕೆಗಳು ತಾಮ್ರವನ್ನು ಹಿಡಿಯುವ ಬದಲು ಪ್ಲಾಸ್ಟಿಕ್ ಹೊದಿಕೆಯನ್ನು ಕಚ್ಚಿಕೊಂಡಿದ್ದವು. ಎಳೆಗಳಲ್ಲಿ ಕೆಲವು ಮಾತ್ರ ಹೊರಚಾಚಿ ಲೋಹಕ್ಕೆ ತಾಗುತ್ತಿದ್ದವು. ಅವುಗಳ ಕೆಂಪು ಹೋಗಿ ಕಪ್ಪಿನ ಮೇಲೆ ಹಸಿರು ಕಟ್ಟಿತ್ತು. ಕಡಲು ಹತ್ತಿರ, ಮಳೆಗಾಲ, ಉಪ್ಪಿನ ಗಾಳಿ. ನಮ್ಮ ಕರಾವಳಿಯಲ್ಲಿ ಅರೆಬರೆ ಹಿಡಿದ ಕ್ರಿಂಪಿಗೆ ಆಯುಷ್ಯ ಕಡಿಮೆ. ಒಣ ಊರಿನಲ್ಲಿ ಇದೇ ಕ್ರಿಂಪ್ ಇನ್ನೂ ಕೆಲಕಾಲ ದಿನ ದೂಡುತ್ತಿತ್ತೇನೋ. ಬಂಡಿ ಬಲಕ್ಕೆ ತಿರುಗುವಾಗ ಕೇಬಲ್ ಹೊರಕ್ಕೆ ತೂಗುತ್ತಿತ್ತು, ಎಳೆಗಳು ಬಿಡುತ್ತಿದ್ದವು. ಕೊನೆಯ ಬೋರ್ಡೂ ಅದರ ಮೇಲಿನ ರೆಸಿಸ್ಟರೂ ಒಟ್ಟಿಗೆ ಸಾಲಿನಿಂದ ಕಳಚಿಕೊಳ್ಳುತ್ತಿದ್ದವು.

ಕಪ್ಪಾದ ಭಾಗವನ್ನು ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋದೆವು. ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಹೊಸ ಪಿನ್ ಹಾಕಿ, ಎಳೆದು ನೋಡಿದೆವು. ಕ್ರಿಂಪ್ ಮಾಡುವ ಮೊದಲು ತುದಿಗೆ ಬೆಸುಗೆ ಸವರುವ ಅಭ್ಯಾಸ ಕೆಲವರಿಗಿದೆ, ಬೇಡ. ಬೆಸುಗೆಯ ಸೀಸ ಒತ್ತಡಕ್ಕೆ ನಿಧಾನವಾಗಿ ಹರಿದು ಹಿಡಿತ ಸಡಿಲಾಗುತ್ತದೆ. ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಕನೆಕ್ಟರಿನೊಳಗೆ ತುಸು ಸಿಲಿಕೋನ್ ಗ್ರೀಸ್, ಕೇಬಲಿಗೆ ಅಂಚಿನಲ್ಲಿ ಒಂದು ಆಸರೆ. ಅದೇ ದಿನ ಅದೇ ಕೈಯಿಂದ ಕ್ರಿಂಪ್ ಆಗಿದ್ದ ಉಳಿದ ಪಿನ್‌ಗಳನ್ನೂ ಹೊಸದಾಗಿ ಹಾಕಿದೆವು. 100 ಮಿಲಿಸೆಕೆಂಡಿನ ನಿಯಮವನ್ನು ಮುಟ್ಟಲಿಲ್ಲ. ಬಂಡಿ ನಿಲ್ಲುವುದು ನಿಂತಿತು.

ಹುಚ್ಚೆದ್ದ ಚಕ್ರ

ಹೊಸ ಕೇಬಲುಗಳನ್ನು ಜೋಡಿಸುವಾಗ 4ನೇ ಮೋಟರಿನ ಎರಡು ತಂತಿಗಳು ಅದಲುಬದಲಾದವು. ಇದು ಎಲ್ಲ ತಂಡಗಳಲ್ಲೂ ಆಗುವಂಥದ್ದು, ಆದರೆ ಅದರ ಪರಿಣಾಮ ಕಂಡವರು ಬೆಚ್ಚಿಬೀಳುತ್ತಾರೆ. ನಿಧಾನವಾಗಿ ಮುಂದಕ್ಕೆ ತಿರುಗು ಎಂದು ಆಜ್ಞೆ ಕೊಟ್ಟದ್ದೇ ತಡ, ಚಕ್ರ ಪೂರ್ಣ ವೇಗದಲ್ಲಿ ಹಿಂದಕ್ಕೆ ಗಿರ್ರನೆ ತಿರುಗಿತು. ಗುಂಡಿ ಹಿಡಿದಿದ್ದ ಹುಡುಗ ತಕ್ಷಣ ಒತ್ತಿದ.

ಮೇಲಿನವರು ‘ಪಿಐಡಿ ಗುಣಾಂಕ ಜಾಸ್ತಿಯಾಗಿದೆ’ ಎಂದರು (ಪಿಐಡಿ ಎಂದರೆ ತಪ್ಪು ನೋಡಿ ಬಲ ಹೊಂದಿಸುವ ನಿಯಂತ್ರಕದ ಲೆಕ್ಕ). ಕೆಳಗಿನವರು ‘ಚಾಲಕದ ಮಾಸ್‌ಫೆಟ್ ಸುಟ್ಟಿದೆ’ ಎಂದರು (ಮೋಟರಿಗೆ ವಿದ್ಯುತ್ ಬಿಡುವ ಸ್ವಿಚ್ಚು ಅದು). ಎರಡೂ ಊಹೆ. ನಡುವಿನ ಪರೀಕ್ಷೆ ಸರಳ: ಎನ್‌ಕೋಡರಿನ ಮಾತು ಕೇಳುವುದನ್ನು ನಿಲ್ಲಿಸಿ, ಮೋಟರಿಗೆ ಬರೀ 10 ಪ್ರತಿಶತ ಪಿಡಬ್ಲ್ಯೂಎಂ (ವಿದ್ಯುತ್ತನ್ನು ವೇಗವಾಗಿ ಹಚ್ಚಿ ಆರಿಸಿ ಬಲ ಹೊಂದಿಸುವ ವಿಧಾನ) ಕೊಟ್ಟು, ಚಕ್ರ ಯಾವ ದಿಕ್ಕಿಗೆ ತಿರುಗುತ್ತದೆ, ಎಣಿಕೆ ಏರುತ್ತದೆಯೋ ಇಳಿಯುತ್ತದೆಯೋ ನೋಡುವುದು. ಚಕ್ರ ಮೆಲ್ಲಗೆ, ಸಮವಾಗಿ ಹಿಂದಕ್ಕೆ ತಿರುಗಿತು, ಎಣಿಕೆ ಇಳಿಯಿತು. ಮಾಸ್‌ಫೆಟ್ ಸುಟ್ಟಿಲ್ಲ, ಎನ್‌ಕೋಡರ್ ಸುಳ್ಳು ಹೇಳುತ್ತಿಲ್ಲ. ಮೋಟರ್ ಮಾತ್ರ ತಿರುವುಮುರುವು. ‘ಮುಂದಕ್ಕೆ ಹೋಗಬೇಕಿತ್ತು, ಹಿಂದೆ ಹೋಗಿದೆ’ ಎಂದು ನಿಯಂತ್ರಕ ಇನ್ನಷ್ಟು ಬಲ ಕೊಡುತ್ತದೆ. ಆ ಬಲವೂ ಹಿಂದಕ್ಕೇ ತಳ್ಳುತ್ತದೆ. ತಪ್ಪು ತಪ್ಪನ್ನೇ ಬೆಳೆಸುತ್ತದೆ.

“ಅಕ್ಕ, ಕೋಡಿನಲ್ಲಿ ಒಂದು ಋಣ ಚಿಹ್ನೆ ಹಾಕಿದರೆ ಮುಗಿಯಿತಲ್ಲ?” ಎಂದು ಹುಡುಗಿ ಕೇಳಿದಳು. ಬಿಚ್ಚಿ ಜೋಡಿಸುವುದು ತಪ್ಪುತ್ತದೆ, ನಿಜ. ಆದರೆ ನಾಳೆ ಸ್ಪರ್ಧೆಯ ದಿನ ಮೋಟರ್ ಕೆಟ್ಟು ಬೇರೆಯದನ್ನು ಹಾಕುವಾಗ ಯಾರೋ ತಂತಿಯ ಬಣ್ಣ ನೋಡಿ ಸರಿಯಾಗಿಯೇ ಜೋಡಿಸುತ್ತಾರೆ. ಆಗ ಕೋಡಿನೊಳಗೆ ಅಡಗಿದ ಆ ಚಿಹ್ನೆಯಿಂದಾಗಿ ಚಕ್ರ ಮತ್ತೆ ಹುಚ್ಚೇಳುತ್ತದೆ, ಈ ಸಲ ನೆಲದ ಮೇಲೆ. ತಂತಿಯ ತಪ್ಪನ್ನು ತಂತಿಯಲ್ಲೇ ತಿದ್ದಬೇಕು. ಎಡಬಲದ ಮೋಟರ್‌ಗಳು ಕನ್ನಡಿಯ ಬಿಂಬದಂತೆ ಕೂರುವುದರಿಂದ ಬೇಕಾಗುವ ಚಿಹ್ನೆಗಳಿಗೆ ಫರ್ಮ್‌ವೇರಿನಲ್ಲಿ ಒಂದೇ ಪಟ್ಟಿ ಇದೆ. ಅದರ ಹೊರತು ಬೇರೆಲ್ಲೂ ದಿಕ್ಕು ತಿರುಗಿಸಬಾರದು ಎಂದು ಎರಡೂ ಗುಂಪು ಒಪ್ಪಿಕೊಂಡವು. ತಂತಿ ಸರಿಪಡಿಸಿದೆವು.

ಬಲಕ್ಕೆ ಎಳೆತ

ನಿಜವಾದ ಕಗ್ಗಂಟು ಇದು. ಮೇಲಿನವರು ಪಿಐಡಿ ಸಂಖ್ಯೆಗಳನ್ನು ತಿದ್ದಿ ತಿದ್ದಿ, 2ನೇ ಚಕ್ರದ ಸಂಖ್ಯೆಗಳು ಉಳಿದ ಮೂರಕ್ಕಿಂತ ಬೇರೆಯೇ ಆಗಿದ್ದವು. ಕೆಳಗಿನವರು ಆ ಚಕ್ರ, ಬೇರಿಂಗ್, ಕೊನೆಗೆ ಮೋಟರನ್ನೂ ಬದಲಿಸಿದ್ದರು. ಎಳೆತ ಕಡಿಮೆಯಾಗುತ್ತಿತ್ತು, ಮರುದಿನ ಮರಳುತ್ತಿತ್ತು. ಮೊದಲು ಎಲ್ಲ ಸಂಖ್ಯೆಗಳನ್ನೂ ಮೂಲಕ್ಕೆ ತಂದೆವು. ನಾಲ್ಕು ಚಕ್ರಗಳೂ ಒಂದೇ ಸಂಖ್ಯೆಯಲ್ಲಿ ಓಡದ ಹೊರತು ಹೋಲಿಕೆಗೆ ಅರ್ಥವಿಲ್ಲ.

ಎನ್‌ಕೋಡರ್ ಮೋಟರಿನ ಒಂದು ಸುತ್ತಿಗೆ 11 ಸ್ಪಂದನ ಕೊಡುತ್ತದೆ, ಗೇರ್ ಅನುಪಾತ 30. ಹಾಗಾಗಿ ಚಕ್ರದ ಒಂದು ಸುತ್ತಿಗೆ 330, ಹತ್ತು ಸುತ್ತಿಗೆ 3,300. ಚಕ್ರಕ್ಕೆ ಬಿಳಿ ಟೇಪ್ ಅಂಟಿಸಿ ಕೈಯಿಂದ ಹತ್ತು ಸುತ್ತು ತಿರುಗಿಸಿದೆವು. ನಾಲ್ಕರಲ್ಲೂ 3,300ರ ಆಸುಪಾಸು. ಈಗ ಮೋಟರಿನಿಂದಲೇ ತಿರುಗಿಸಿ, ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಟೇಪ್ ಎಣಿಸಿದೆವು. 1, 3, 4 ಸರಿ. 2ನೇ ಚಕ್ರ ಹತ್ತು ಸುತ್ತು ಮುಗಿಸುವಷ್ಟರಲ್ಲಿ ಎಣಿಕೆ 3,520 ಆಗಿತ್ತು. ತಿರುಗಿದ್ದಕ್ಕಿಂತ ಹೆಚ್ಚು ತಿರುಗಿದೆ ಎಂದು ಬೋರ್ಡ್ ನಂಬುತ್ತಿತ್ತು, ಆದ್ದರಿಂದ ಚಕ್ರವನ್ನು ನಿಧಾನ ಮಾಡುತ್ತಿತ್ತು. ಬಲಗಡೆಯ ಚಕ್ರ ನಿಧಾನವಾದರೆ ಬಂಡಿ ಬಲಕ್ಕೆ ಎಳೆಯದೆ ಇನ್ನೇನು ಮಾಡೀತು? ಪಿಐಡಿ ತನಗೆ ಹೇಳಿದ್ದನ್ನು ಪ್ರಾಮಾಣಿಕವಾಗಿ ಪಾಲಿಸುತ್ತಿತ್ತು.

ಎಲೆಕ್ಟ್ರಾನಿಕ್ಸ್ ಲ್ಯಾಬಿನಿಂದ ವೋಲ್ಟೇಜಿನ ಅಲೆ ತೋರಿಸುವ ಓಸಿಲೋಸ್ಕೋಪ್ ತಂದು ಎನ್‌ಕೋಡರಿನ ‘ಎ’, ‘ಬಿ’ ಎಂಬ ಎರಡು ಸಂಕೇತ ತಂತಿಗಳಲ್ಲಿ ‘ಎ’ಗೆ ಹಿಡಿದೆವು. ಕೈಯಿಂದ ತಿರುಗಿಸಿದಾಗ ಚೌಕ ಅಲೆ ಚೊಕ್ಕವಾಗಿತ್ತು. ಸಮಯದ ಅಳತೆಯನ್ನು ಹಿಗ್ಗಿಸಿ ಏರುವ ಅಂಚನ್ನು ಹತ್ತಿರದಿಂದ ನೋಡಿದರೆ, ಇಳಿಯುವಾಗ ಕಡಿದಾಗಿ ಇಳಿಯುವ ಅಲೆ ಏರುವಾಗ ಬಾಗಿ, ಆರೇಳು ಮೈಕ್ರೋಸೆಕೆಂಡ್ ತೆಗೆದುಕೊಂಡು ಏರುತ್ತಿತ್ತು. ಮೋಟರ್ ಚಾಲು ಮಾಡಿದಾಗ ಆ ಏರಿನ ಮೇಲೆಯೇ ಚೂಪು ಮುಳ್ಳುಗಳು ಕಂಡವು. ಮುಳ್ಳುಗಳ ನಡುವಿನ ಅಂತರ 20 ಕಿಲೋಹರ್ಟ್ಸ್ ಪಿಡಬ್ಲ್ಯೂಎಂಗೆ ಸರಿಯಾಗಿ ಹೊಂದುತ್ತಿತ್ತು.

ಕಾರಣ ಇಲ್ಲಿಂದ ಬಿಚ್ಚಿಕೊಂಡಿತು. ಈ ಎನ್‌ಕೋಡರಿನ ಹೊರತಂತಿಯನ್ನು ಒಳಗಿನ ಟ್ರಾನ್ಸಿಸ್ಟರ್ ಸೊನ್ನೆಗೆ ಬಲವಾಗಿ ಎಳೆಯುತ್ತದೆ. ಮೇಲಕ್ಕೆ ಎತ್ತುವ ಕೆಲಸ ಪುಲ್‌ಅಪ್ ರೆಸಿಸ್ಟರಿನದು. ಹೊರಗಿನ ರೆಸಿಸ್ಟರ್ ಹಾಕದೆ ಎಸ್‌ಟಿಎಂ32 ಚಿಪ್ಪಿನ ಒಳಗಿನದನ್ನೇ ನೆಚ್ಚಿಕೊಳ್ಳಲಾಗಿತ್ತು, ಅದು ಸುಮಾರು 40 ಕಿಲೋಓಮಿನಷ್ಟು ದುರ್ಬಲ. ಜೊತೆಗೆ 2ನೇ ಚಕ್ರದ ಎನ್‌ಕೋಡರ್ ಕೇಬಲ್ ತುರ್ತು ಗುಂಡಿಯನ್ನು ಸುತ್ತಿಕೊಂಡು ಬರಬೇಕಾಗಿದ್ದುದರಿಂದ ಉದ್ದ. ನೋಟಕ್ಕೆ ಅಚ್ಚುಕಟ್ಟಾಗಿರಲಿ ಎಂದು ಅದನ್ನು ಮೋಟರಿನ ದಪ್ಪ ತಂತಿಗಳ ಜೊತೆಗೇ ಕೇಬಲ್ ಟೈ ಹಾಕಿ ಕಟ್ಟಿದ್ದರು. ಎಳೆತ ದಿನಕ್ಕೊಂದು ರೀತಿ ಇರುತ್ತಿದ್ದುದು ಈ ಕಟ್ಟು ಬಿಚ್ಚಿ ಕಟ್ಟಿದಾಗಲೆಲ್ಲ ಬದಲಾಗುತ್ತಿದ್ದುದರಿಂದ ಇರಬೇಕು.

ಹಾರ್ಡ್‌ವೇರಿನ ಹುಡುಗನ ಮುಖ ಸಣ್ಣದಾಗುವಷ್ಟರಲ್ಲಿ ಹುಡುಗಿ ತನ್ನ ಕೋಡನ್ನು ತೆರೆದಳು. ‘ಎ’ ತಂತಿ ಏರಿದಾಗ ಇಂಟರಪ್ಟ್ (ಚಿಪ್ ಕೈಯ ಕೆಲಸ ಬಿಟ್ಟು ಇದನ್ನು ನೋಡುತ್ತದೆ), ಆಗ ‘ಬಿ’ ತಂತಿ ಕೆಳಗಿದ್ದರೆ ಒಂದು ಕೂಡು, ಮೇಲಿದ್ದರೆ ಒಂದು ಕಳೆ. ಅಂಚು ಏರುವ ದಾರಿಯಲ್ಲಿ ಮುಳ್ಳು ಸೇರಿ ಒಂದು ಏರಿಕೆ ಎರಡಾಗಿ ಕಂಡರೆ ಈ ಕೋಡ್ ಎರಡನ್ನೂ ಕೂಡುತ್ತದೆ. ನಡುವೆ ಅಲೆ ಒಮ್ಮೆ ಕೆಳಗಿಳಿದದ್ದನ್ನು ಅದು ನೋಡುವುದೇ ಇಲ್ಲ. ಎರಡೂ ತಂತಿಗಳ ಏರಿಳಿತಗಳೆಲ್ಲವನ್ನೂ ಎಣಿಸುವ ವಿಧಾನದಲ್ಲಿ ಏರಿದ್ದಕ್ಕೆ ಒಂದು ಕೂಡಿ, ಇಳಿದದ್ದಕ್ಕೆ ಒಂದು ಕಳೆದು, ಮತ್ತೆ ಏರಿದ್ದಕ್ಕೆ ಒಂದು ಕೂಡಿ, ಕೊನೆಗೆ ಒಂದೇ ಉಳಿಯುತ್ತದೆ. ಎಸ್‌ಟಿಎಂ32ರ ಟೈಮರಿಗೆ ಇದನ್ನು ತಾನೇ ಮಾಡುವ ಎನ್‌ಕೋಡರ್ ಕ್ರಮವೂ, ಕಿರು ಮುಳ್ಳುಗಳನ್ನು ಸೋಸುವ ಫಿಲ್ಟರೂ ಇದೆ. ಅದಕ್ಕೆ ‘ಎ’, ‘ಬಿ’ ಎರಡೂ ಒಂದೇ ಟೈಮರಿನ 1 ಮತ್ತು 2ನೇ ಚಾನೆಲ್‌ಗೆ ಬಂದಿರಬೇಕು. “ಬೋರ್ಡಿನಲ್ಲಿ ಹಾಗೆಯೇ ತಂದಿದ್ದೇವೆ, ಅದಕ್ಕಾಗಿಯೇ ಆ ಪಿನ್‌ಗಳನ್ನು ಆರಿಸಿದ್ದು” ಎಂದ ಹುಡುಗ. ಹುಡುಗಿಗೆ ಅದು ಗೊತ್ತೇ ಇರಲಿಲ್ಲ. ಒಬ್ಬರು ಬಾಗಿಲು ಇಟ್ಟಿದ್ದರು, ಇನ್ನೊಬ್ಬರಿಗೆ ಅದನ್ನು ತೋರಿಸಿದವರಿರಲಿಲ್ಲ. ಇಂಥ ತಂಡಗಳಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ.

ಎರಡು ಪರಿಹಾರಗಳನ್ನೂ ಒಟ್ಟಿಗೆ ಹಾಕಲು ನಾನು ಬಿಡಲಿಲ್ಲ. ಮೊದಲು ಕೋಡನ್ನು ಹಳೆಯದೇ ಇಟ್ಟು, ಬೋರ್ಡಿನ ತುದಿಯಲ್ಲಿ 3.3 ವೋಲ್ಟಿಗೆ 2.2 ಕಿಲೋಓಮ್ ಪುಲ್‌ಅಪ್ ಹಾಕಿ, ಕೇಬಲನ್ನು ಮೋಟರ್ ತಂತಿಗಳಿಂದ ಬಿಡಿಸಿ ಚೌಕಟ್ಟಿನ ಇನ್ನೊಂದು ಬದಿಗೆ ತಂದೆವು. ಅಂಚು ಕಡಿದಾಯಿತು, ಹೆಚ್ಚುವರಿ ಎಣಿಕೆ ಬೆರಳೆಣಿಕೆಗೆ ಇಳಿಯಿತು. ಬಳಿಕ ಪುಲ್‌ಅಪ್ ತೆಗೆದು, ಕೇಬಲನ್ನು ಹಳೆಯ ಜಾಗದಲ್ಲೇ ಕಟ್ಟಿ, ಹೊಸ ಕೋಡ್ ಮಾತ್ರ ಹಾಕಿದೆವು. ಎಲ್ಲ ಅಂಚುಗಳನ್ನು ಎಣಿಸುವುದರಿಂದ ಈಗ ಹತ್ತು ಸುತ್ತಿಗೆ 13,200 ಬರಬೇಕು; ಬಂತು. ಯಾವುದಾದರೂ ಒಂದೇ ಸಾಕಿತ್ತು. ಎರಡನ್ನೂ ಉಳಿಸಿಕೊಂಡೆವು, ನಾಲ್ಕು ಬೋರ್ಡ್‌ಗಳಿಗೂ.

ಕಾರಿಡಾರಿನಲ್ಲಿ ಆರು ಮೀಟರ್ ಓಟ. ಮೊದಲು ಆ ದೂರಕ್ಕೆ ಬಂಡಿ ಬಲಗೋಡೆಗೆ ತಾಗುವಷ್ಟು ಹೋಗುತ್ತಿತ್ತು. ಈಗ ನೆಲದ ಟೇಪಿನಿಂದ ಗೇಣಿನೊಳಗೆ ನಿಂತಿತು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ಬಂಡಿಯ ಜೊತೆ ಈಗ ಇರುವುದು

ಒಂದು ಉದ್ದ ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ನು. ಪ್ರತಿ ದೂರಿಗೂ ಮೊದಲು ಬರೆಯಬೇಕಾದ್ದು ಕೊಟ್ಟ ಆಜ್ಞೆ, ಕಂಡ ವರ್ತನೆ, ಆಗಿನ ಬ್ಯಾಟರಿ ವೋಲ್ಟೇಜ್, ಫರ್ಮ್‌ವೇರಿನ ಆವೃತ್ತಿ, ಕೇಬಲಿನ ಆವೃತ್ತಿ. ಕೇಬಲಿಗೂ ಆವೃತ್ತಿ ಸಂಖ್ಯೆ ಇರಬೇಕೆಂದು ಹಟ ಹಿಡಿದದ್ದು ಹುಡುಗಿ. ಬೋರ್ಡಿನ ಪಿನ್ ಪಟ್ಟಿ ಮತ್ತು ಕ್ಯಾನ್ ಸಂದೇಶಗಳ ಪಟ್ಟಿ ಒಂದೇ ಹಾಳೆಯಲ್ಲಿ ಮುದ್ರಿಸಿ ಮುಚ್ಚಳದ ಒಳಬದಿಗೆ ಅಂಟಿಸಿದ್ದೇವೆ. ವೇಗದ ಮಾನ ಯಾವುದು, ಧನ ಚಿಹ್ನೆ ಎಂದರೆ ಯಾವ ದಿಕ್ಕು ಎಂಬುದೂ ಅದರಲ್ಲೇ ಇದೆ.

ಬಾಕಿ ಇರುವುದು ದಿಕ್ಕು ಅಳೆಯುವ ಐಎಂಯು. ಉಳಿದ ಗೇಣಿನಷ್ಟು ತಪ್ಪು ಉರುಳೆಗಳ ಜಾರುವಿಕೆಯದು, ಅದನ್ನು ಎನ್‌ಕೋಡರ್ ನೋಡಲಾರದು. ಸಂವೇದಕವನ್ನು ಐ2ಸಿ ಎಂಬ ಸಂದೇಶ ತಂತಿಯ ಮೇಲೆ ಹಾಕಬೇಕೆಂದು ಮೇಲಿನವರ ಯೋಚನೆ. ಆ ತಂತಿಗೂ ಪುಲ್‌ಅಪ್ ಬೇಕು, ಉದ್ದ ಹೆಚ್ಚಾದರೆ ಅದೇ ನಿಧಾನದ ಅಂಚು ಅಲ್ಲೂ ಬರುತ್ತದೆ. ಆದ್ದರಿಂದ ಅದನ್ನು ಪೈಯ ಪಕ್ಕದಲ್ಲೇ, ಮೋಟರ್ ತಂತಿಗಳಿಂದ ದೂರ ಇಡುವ ಜಾಗವನ್ನು ಇಬ್ಬರೂ ಸೇರಿ ತಗಡಿನ ಮೇಲೆ ಗುರುತು ಹಾಕಿದ್ದಾರೆ. ಶನಿವಾರ ತೂತು ಕೊರೆಯುವುದು.